ಜಡೆಯ ಸಾಮಾನು ಕೊಳ್ಳುವಾಗ ಬಿಚ್ಚುವ ಹೊತ್ತನ್ನು ನೆನೆಯಿರಿ

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ, ಭರತನಾಟ್ಯ ಕಲಿಯುತ್ತಿದ್ದಾಳೆ. ಕಳೆದ ವರ್ಷದ ಕಾರ್ಯಕ್ರಮಕ್ಕೆ ಹೊರಗಡೆ ಜಡೆ ಹಾಕಿಸಿದ್ದೆವು. ಮನೆಗೆ ಬರುವಾಗ ತಡವಾಗಿತ್ತು, ಹಾಗೇ ಮಲಗಿಬಿಟ್ಟಳು. ಬೆಳಿಗ್ಗೆ ಬಿಚ್ಚುವಷ್ಟರಲ್ಲಿ ಅವಳೂ ಅತ್ತಳು, ನಾನೂ ಅತ್ತೆ. ಒಂದು ಹಿಡಿ ಕೂದಲು ಬಂತು. ಹಣೆಯಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು, ವಾರವೆಲ್ಲ ತಲೆ ತುರಿಕೆ. ಈ ಸಲ ನಾನೇ ಕಲಿತು ಹಾಕೋಣ ಎಂದುಕೊಂಡಿದ್ದೇನೆ. ವಿಷಯ ತಿಳಿದು ಇನ್ನೂ ಐದು ಮಕ್ಕಳ ತಾಯಂದಿರು "ನಮ್ಮವಳಿಗೂ ಹಾಕಿಕೊಡಿ" ಎಂದಿದ್ದಾರೆ. ಅಂಗಡಿಗೆ ಹೋದರೆ ಮೂರು ಥರದ ಚೌರಿ, ಜೆಲ್, ವ್ಯಾಕ್ಸ್ ಸ್ಟಿಕ್, ಸ್ಪ್ರೇ, ಸೀರಮ್, ಹರಳು ಅಂಟಿಸುವ ಗಮ್ ಎಲ್ಲ ಸೇರಿಸಿ 5,800 ರೂಪಾಯಿ ಬಿಲ್ ಮಾಡಿ ಕೊಟ್ಟರು. ನಮ್ಮತ್ತೆ "ಚೆನ್ನಾಗಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆ, ಬೇರೆ ಏನೂ ಬೇಡ. ಸ್ಪ್ರೇ ಹೊಡೆದರೆ ಮಗುವಿಗೆ ಈಗಲೇ ಕೂದಲು ನರೆಯುತ್ತೆ" ಅನ್ನುತ್ತಾರೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ವಾಪಸ್ ಕೊಡಲಿ? ಕಾರ್ಯಕ್ರಮಕ್ಕೆ ಇನ್ನು ಐದು ವಾರ ಇದೆ.
– ಹಾಸನದ ಓದುಗರು

ಉತ್ತರ: ನಿಮ್ಮ ಬಿಲ್ಲಿನ ಪಟ್ಟಿ ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಇಪ್ಪತ್ತೆರಡು ವರ್ಷದ ಹಿಂದೆ ಮದುಮಗಳ ಅಲಂಕಾರದ ಕೆಲಸಕ್ಕೆ ಇಳಿದಾಗ ನಾನೂ ಇಂಥದ್ದೇ ಒಂದು ಚೀಲ ಹೊತ್ತು ಬಂದಿದ್ದೆ. ಮುಕ್ಕಾಲು ಪಾಲು ಮುಚ್ಚಳ ತೆರೆಯದೇ ಒಣಗಿಹೋಯಿತು. ನೀವು ಕೇಳಿರುವುದು ಸಾಮಾನಿನ ಬಗ್ಗೆ, ಆದರೆ ಭಯ ಇರುವುದು ಮಗಳ ತಲೆಯ ಬಗ್ಗೆ. ಹಾಗಾಗಿ ಆ ಬೆಳಗ್ಗೆ ಏನಾಯಿತು ಎಂಬುದನ್ನು ಮೊದಲು ನೋಡೋಣ. ಅದು ತಿಳಿದರೆ ಬಿಲ್ಲಿನಲ್ಲಿ ಏನನ್ನು ಹೊಡೆದುಹಾಕಬೇಕೆಂದು ನಿಮಗೇ ಗೊತ್ತಾಗುತ್ತದೆ.

ಹಿಡಿ ಕೂದಲು ಬಂತು ಅಂದಿರಿ. ಅದರಲ್ಲಿ ಎಲ್ಲವೂ ನಷ್ಟವಲ್ಲ. ಯಾರ ತಲೆಯಿಂದಲಾದರೂ ದಿನಕ್ಕೆ 50ರಿಂದ 100 ಕೂದಲು ತಾನಾಗಿ ಉದುರುತ್ತದೆ. ಬಿಟ್ಟ ಕೂದಲಾದರೆ ಅದು ಬಾಚಣಿಗೆಗೋ ದಿಂಬಿಗೋ ಬಿದ್ದು ಹೋಗುತ್ತದೆ, ನಾವು ಎಣಿಸುವುದಿಲ್ಲ. ಜಡೆಯೊಳಗೆ ಉದುರಿದ್ದು ಅಲ್ಲೇ ಸಿಕ್ಕಿಕೊಂಡಿದ್ದು, ಬಿಚ್ಚಿದಾಗ ಒಟ್ಟಿಗೆ ಕೈಗೆ ಬರುತ್ತದೆ. ಮುಂದಿನ ಸಲ ಹಾಗೆ ಬಂದ ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ. ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಹೇಗೂ ಉದುರಬೇಕಿದ್ದ ಕೂದಲು. ಗಂಟಿಲ್ಲದ ತುಂಡು ಕೂದಲೇ ಹೆಚ್ಚಿದ್ದರೆ, ಅದು ಕಿತ್ತು ತುಂಡಾದದ್ದು. ನಿಮ್ಮ ಮಗಳು ಅತ್ತದ್ದನ್ನು ನೋಡಿದರೆ ಎರಡೂ ಬೆರೆತಿರಬೇಕು.

ಹಣೆಯಂಚಿನ ಗುಳ್ಳೆಗೆ ಕಾರಣ ಬೇರೆ. ನೃತ್ಯದ ಜಡೆಯಲ್ಲಿ ಮುಂದಲೆಯ ಕೂದಲನ್ನು ಹಿಂದಕ್ಕೆ ಎಳೆದು ಕಟ್ಟುತ್ತಾರೆ. ಅಲ್ಲಿಯ ಕೂದಲು ಎಳೆಯದು, ಬುಡ ಸೂಕ್ಷ್ಮ. ಆರೇಳು ಗಂಟೆ ಎಳೆತ, ಅದರ ಮೇಲೆ ಮೇಣದಂಥ ಲೇಪ, ಅದರ ಮೇಲೆ ಮೇಕಪ್ಪು, ಸ್ಟೇಜಿನ ದೀಪದ ಬೆವರು. ಕೂದಲ ಬುಡದ ರಂಧ್ರ ಉಬ್ಬಿ ಗುಳ್ಳೆ ಏಳುತ್ತದೆ. ಒಂದು ಸಲ ಹಾಗಾದರೆ ವಾರದಲ್ಲಿ ಮಾಯುತ್ತದೆ. ಅದೇ ಜಾಗವನ್ನು ವರ್ಷಗಟ್ಟಲೆ ಎಳೆಯುತ್ತಿದ್ದರೆ ಮಾತ್ರ ಕಷ್ಟ. ಎಳೆತದಿಂದ ಕೂದಲು ಉದುರುವುದನ್ನು ವೈದ್ಯರು ಟ್ರಾಕ್ಷನ್ ಅಲೊಪೀಶಿಯ ಎನ್ನುತ್ತಾರೆ. ಮೊದಮೊದಲು ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ಬಹಳ ಕಾಲ ಮುಂದುವರಿದರೆ ಬುಡವೇ ಒಣಗಿ ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಮೂವತ್ತರ ವಯಸ್ಸಿನ ನೃತ್ಯಗಾರ್ತಿಯರು ಕಿವಿಯ ಮುಂದಿನ ಬೋಳು ಜಾಗ ಮುಚ್ಚಲು ಕಪ್ಪು ಪೆನ್ಸಿಲ್ ತಿದ್ದುವುದನ್ನು ನಾನು ಎಷ್ಟೋ ಗ್ರೀನ್ ರೂಮುಗಳಲ್ಲಿ ನೋಡಿದ್ದೇನೆ.

ಹಾಗಾಗಿ ನಿಮ್ಮತ್ತೆಯವರ ಮಾತಿನಲ್ಲಿ "ಬಿಗಿಯಾಗಿ" ಎಂಬ ಒಂದು ಪದವನ್ನು ತೆಗೆದುಬಿಡಿ. ಬಿಗಿಯಾಗಿ ಹೆಣೆದರೆ ಕೂದಲು ಉದ್ದ ಬೆಳೆಯುತ್ತದೆ ಎಂದು ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಜಡೆ ಹಾಕಿದ ಕೂದಲು ಗಾಳಿಗೆ, ಸಿಕ್ಕಿಗೆ, ಚೀಲದ ಪಟ್ಟಿಗೆ ಸಿಕ್ಕಿ ತುಂಡಾಗುವುದು ಕಡಿಮೆ, ಅದರಿಂದ ಉದ್ದ ಉಳಿಯುತ್ತದೆ. ಅಷ್ಟು ನಿಜ. ಆದರೆ ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಅದನ್ನು ಎಳೆದು ಹೆಚ್ಚಿಸಲು ಬರುವುದಿಲ್ಲ. ಸ್ಪ್ರೇಯಿಂದ ನರೆಯುತ್ತದೆ ಎಂಬುದೂ ಸುಳ್ಳು. ಬಣ್ಣ ತಯಾರಾಗುವುದು ನೆತ್ತಿಯ ಚರ್ಮದೊಳಗೆ, ಬುಡದಲ್ಲಿ. ಸ್ಪ್ರೇ ಬೀಳುವುದು ಹೊರಗಿನ ಕಡ್ಡಿಯ ಮೇಲೆ, ಅದಕ್ಕೆ ಜೀವವೇ ಇಲ್ಲ. ಅತ್ತೆಯವರು ಸ್ಪ್ರೇ ಬೇಡ ಅಂದದ್ದು ಮಾತ್ರ ಬೇರೆ ಕಾರಣಕ್ಕೆ ಸರಿ, ಮುಂದೆ ಹೇಳುತ್ತೇನೆ.

ಎಣ್ಣೆಯ ವಿಷಯದಲ್ಲಿ ಅವರ ಪರವಾಗಿಯೇ ಅರ್ಧ ತೀರ್ಪು ಕೊಡುತ್ತೇನೆ. ಕೊಬ್ಬರಿ ಎಣ್ಣೆ ಕೂದಲ ಕಡ್ಡಿಯೊಳಗೆ ಇಳಿಯುತ್ತದೆ. ತಲೆಗೆ ನೀರು ಹಾಕುವ ಮುನ್ನ ಹಚ್ಚಿದರೆ ಕೂದಲು ಸವೆಯುವುದು ಕಡಿಮೆಯಾಗುತ್ತದೆ. ಆದರೆ ಅದು ಹಿಂದಿನ ದಿನದ ಕೆಲಸ. ಕಾರ್ಯಕ್ರಮದ ದಿನ ಎಣ್ಣೆ ಮೆತ್ತಿ ಕೂತರೆ ಎಳೆಗಳು ಬೆರಳಿನಿಂದ ಜಾರುತ್ತವೆ. ಕಲಿಯುವವರ ಕೈ ಆಗ ಏನು ಮಾಡುತ್ತದೆ ಗೊತ್ತೇ? ಇನ್ನಷ್ಟು ಎಳೆಯುತ್ತದೆ. ತೀರಾ ಒಣಗಿದ ಕೂದಲಿಗೆ ಅಂಗೈಯಲ್ಲಿ ನಾಲ್ಕು ಹನಿ ಉಜ್ಜಿ ತುದಿಗೆ ಸವರಿದರೆ ಸಾಕು. ಒದ್ದೆ ಕೂದಲನ್ನೂ ಹೆಣೆಯಬೇಡಿ. ನೀರು ಕುಡಿದ ಕೂದಲು ರಬ್ಬರಿನಂತೆ ಹಿಗ್ಗುತ್ತದೆ, ಬೇಗ ಹರಿಯುತ್ತದೆ.

ಈಗ ಸಾಮಾನಿಗೆ ಬರೋಣ. ಅಂಗಡಿಯವರು ಎಲ್ಲವನ್ನೂ "ಎಷ್ಟು ಹೊತ್ತು ನಿಲ್ಲುತ್ತದೆ" ಎಂದು ಹೇಳಿ ಮಾರುತ್ತಾರೆ. ನಾನು ನನ್ನ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆ ತಿರುಗಿಸಿ ಕೇಳಲು ಹೇಳುತ್ತೇನೆ: ಇದು ಬಿಚ್ಚುವಾಗ ಹೇಗೆ ಬರುತ್ತದೆ? ತಲೆಗೆ ಹೋಗುವ ಯಾವ ವಸ್ತುವಿಗೂ ಈ ಒಂದು ಪ್ರಶ್ನೆ ಸಾಕು. ಜಡೆ ಹಾಕುವುದಕ್ಕೆ ಮುಕ್ಕಾಲು ಗಂಟೆ ಕೂರುವ ಮಗು ಬಿಚ್ಚುವಾಗ ಐದು ನಿಮಿಷವೂ ಕೂರುವುದಿಲ್ಲ, ನಿದ್ದೆಗಣ್ಣು, ಹಸಿವು. ಕೂದಲು ಕಿತ್ತುಬರುವುದು ಬಹುಪಾಲು ಆ ಐದು ನಿಮಿಷದಲ್ಲಿ.

ಹಚ್ಚುವ ವಸ್ತುಗಳಿಗೆ ಸುಲಭದ ಪರೀಕ್ಷೆ ಇದೆ. ಮುಂಗೈ ಮೇಲೆ ಕಡಲೆಕಾಳಿನಷ್ಟು ಹಚ್ಚಿ ಒಣಗಲು ಬಿಡಿ. ನಲ್ಲಿ ಕೆಳಗೆ ಹಿಡಿದು ಬೆರಳಾಡಿಸಿ. ನೀರಿಗೇ ಹೋದರೆ ಅದು ಕಲಿಯುವವರ ಸಾಮಾನು. ನೀರು ಮುತ್ತಿನಂತೆ ಉರುಳಿ ಕೈ ಜಿಡ್ಡಾಗೇ ಉಳಿದರೆ ಸದ್ಯಕ್ಕೆ ಬೇಡ.

ಜೆಲ್ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದರಲ್ಲಿ ಹೆಚ್ಚಿನದು ನೀರು, ಜೊತೆಗೆ ಒಣಗಿದಾಗ ತೆಳ್ಳಗಿನ ಪೊರೆಯಾಗುವ ಪಾಲಿಮರ್. "ಜೆಲ್ ಹಾಕಿದರೆ ಬೋಳಾಗುತ್ತದೆ" ಎಂಬ ಮಾತಿಗೆ ಕಾರಣ ಜೆಲ್ ಅಲ್ಲ. ಒಣಗಿ ಗರಿಗರಿಯಾದ ಕೂದಲಿಗೆ ಹಾಗೇ ಬಾಚಣಿಗೆ ಹಾಕುತ್ತಾರಲ್ಲ, ಅದು. ಮೊದಲು ನೀರು ಚಿಮುಕಿಸಿದರೆ ಪೊರೆ ಕರಗಿ ಕೂದಲು ಬಿಡುತ್ತದೆ. ಎಣ್ಣೆಯ ಮೇಲೆ ಜೆಲ್ ಹಚ್ಚಿದರೆ ಮಾತ್ರ ಬಿಳಿ ಹೊಟ್ಟಿನಂತೆ ಏಳುತ್ತದೆ, ನೋಡುವವರು ತಲೆಹೊಟ್ಟು ಅಂದುಕೊಳ್ಳುತ್ತಾರೆ. ಅಗಸೆ ಬೀಜ ಕುದಿಸಿ ಸೋಸಿದ ಲೋಳೆಯೂ ಇದೇ ಕೆಲಸ ಮಾಡುತ್ತದೆ, ಮಕ್ಕಳಿಗೆ ಸಾಕಷ್ಟು ಬಿಗಿ ಕೊಡುತ್ತದೆ. ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ, ವಾಸನೆ ಬಂದರೆ ಚೆಲ್ಲಿ.

ವ್ಯಾಕ್ಸ್ ಸ್ಟಿಕ್ ವಾಪಸ್ ಕೊಡಿ. ಫೋಟೋದಲ್ಲಿ ಮುಂದಲೆ ಕನ್ನಡಿಯಂತೆ ಹೊಳೆಯುವುದು ಅದರಿಂದಲೇ, ಒಪ್ಪುತ್ತೇನೆ. ಆದರೆ ಅದು ಮೇಣ ಮತ್ತು ಎಣ್ಣೆಯ ಗಟ್ಟಿ. ನೀರಿಗೆ ಜಗ್ಗುವುದಿಲ್ಲ. ಎಣ್ಣೆ ಹಚ್ಚಿ ಕರಗಿಸಿ, ಆಮೇಲೆ ಎರಡು ಸಲ ಶಾಂಪೂ ಹಾಕಬೇಕು. ಹಣೆಯಂಚಿನ ಗುಳ್ಳೆಗೆ ನನ್ನ ಮೊದಲ ಅನುಮಾನ ಇದರ ಮೇಲೆ. ಸೀರಮ್ ಹೆಚ್ಚಾಗಿ ಸಿಲಿಕೋನ್, ಹಾನಿಯೇನಿಲ್ಲ, ಆದರೆ ಹೆಣೆಯುವ ಮುನ್ನ ಹಾಕಿದರೆ ಕೂದಲು ಜಾರುತ್ತದೆ. ಬಿಚ್ಚಿದ ಮೇಲೆ ಸಿಕ್ಕು ಬಿಡಿಸಲು ಇರಲಿ.

ಸ್ಪ್ರೇ ಎಂದರೆ ಮದ್ಯಸಾರದಲ್ಲಿ ಕರಗಿಸಿದ ಪಾಲಿಮರ್. ಡಬ್ಬಿಯಿಂದ ಅದನ್ನು ಹೊರದೂಡಲು ಒಳಗೆ ಸಾಮಾನ್ಯವಾಗಿ ಅಡುಗೆ ಅನಿಲದ ಜಾತಿಯದೇ ಗ್ಯಾಸ್ ತುಂಬಿರುತ್ತಾರೆ. ಗ್ರೀನ್ ರೂಮಿನಲ್ಲಿ ಗೆಜ್ಜೆಪೂಜೆಯ ದೀಪ ಉರಿಯುತ್ತಿರುತ್ತದೆ, ಆರತಿ ತಟ್ಟೆ ಓಡಾಡುತ್ತಿರುತ್ತದೆ. ಮದುವೆ ಮನೆಯಲ್ಲಾದರೆ ಹೋಮ. ಆರು ಮಕ್ಕಳು ಒಂದೇ ಕೋಣೆಯಲ್ಲಿರುವಾಗ ಮೊದಲ ವರ್ಷವೇ ಸ್ಪ್ರೇ ಹಿಡಿಯಬೇಡಿ. ಹೊಡೆಯಲೇಬೇಕೆಂದಿದ್ದರೆ ಬಾಗಿಲು ಕಿಟಕಿ ತೆರೆದು, ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದು, ದೀಪ ಹಚ್ಚುವ ಬಹಳ ಮುಂಚೆ.

ಹರಳು ಅಂಟಿಸುವ ಗಮ್ಮಿನ ಬಗ್ಗೆ ಒಂದೇ ಮಾತು: ಕೂದಲಿಗೆ ಅಂಟು ತಾಗಿಸಿದ ಮೇಲೆ ಬಿಚ್ಚುವ ದಾರಿ ಕತ್ತರಿ ಮಾತ್ರ.

ಚೌರಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಬಿಲ್ಲಿನಲ್ಲಿ ದೊಡ್ಡ ಮೊತ್ತ ಇರುವುದೂ ಅದಕ್ಕೇ, ಮಗಳ ತಲೆಯ ಮೇಲೆ ಭಾರ ಬೀಳುವುದೂ ಅದರಿಂದಲೇ. ನಿಮಗೆ ಕೊಟ್ಟಿರುವ ಮೂರರಲ್ಲಿ ಒಂದು ಕಪ್ಪು ನೂಲಿನದು, ಒಂದು ಸಿಂಥೆಟಿಕ್, ಇನ್ನೊಂದು "ಒರಿಜಿನಲ್ ಕೂದಲು" ಇರಬಹುದು. ಒರಿಜಿನಲ್ ಹೌದೋ ಅಲ್ಲವೋ ನೋಡಲು ಒಂದೇ ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಡಿ. ಮನುಷ್ಯರ ಕೂದಲು ಉಗುರು ಸುಟ್ಟ ವಾಸನೆ ಕೊಟ್ಟು ಬೆರಳಿಗೆ ಪುಡಿಯಾಗುವ ಬೂದಿಯಾಗುತ್ತದೆ. ಸಿಂಥೆಟಿಕ್ ಕರಗಿ ತುದಿಯಲ್ಲಿ ಗಟ್ಟಿ ಗುಂಡಾಗುತ್ತದೆ. ಈ ಪರೀಕ್ಷೆ ಇನ್ನೊಂದು ಪಾಠವನ್ನೂ ಹೇಳಿಕೊಡುತ್ತದೆ: ಸಿಂಥೆಟಿಕ್ ಜಡೆ ದೀಪಕ್ಕೆ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಇನ್ನು ನಿಜವಾದ ಕೂದಲಿನಲ್ಲೂ ಎರಡು ಜಾತಿ. ತಿರುಮಲದಲ್ಲಿ ಮುಡಿ ಕೊಡುವ ಕೂದಲನ್ನು ದೇವಸ್ಥಾನದವರು ಹರಾಜು ಹಾಕುವುದು ನಿಮಗೆ ಗೊತ್ತಿರುತ್ತದೆ. ಅದರಲ್ಲಿ ಬುಡ ತುದಿ ಒಂದೇ ದಿಕ್ಕಿಗೆ ಜೋಡಿಸಿ ಇಡಲು ಬರುತ್ತದೆ. ಇನ್ನೊಂದು, ಬಾಚಣಿಗೆಯಲ್ಲಿ ಬಂದ ಸುತ್ತು ಕೂದಲು. ಬೀದಿಯಲ್ಲಿ "ಕೂದಲಿಗೆ ಪಾತ್ರೆ" ಎಂದು ಕೂಗುತ್ತಾ ಬರುವವರು ಒಯ್ಯುವುದು ಅದನ್ನೇ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಬೇರ್ಪಡಿಸುವುದೇ ಊರಿನ ದೊಡ್ಡ ಉದ್ಯೋಗ, ಹೊರದೇಶಕ್ಕೂ ಹೋಗುತ್ತದೆ. ಕೂದಲ ಮೈಮೇಲೆ ಮೀನಿನ ಹುರುಪೆಯಂತೆ ಪದರಗಳಿರುತ್ತವೆ, ಎಲ್ಲ ಬುಡದಿಂದ ತುದಿಯ ಕಡೆಗೆ. ಸುತ್ತು ಕೂದಲಿನಲ್ಲಿ ಕೆಲವು ಮೇಲ್ಮುಖ, ಕೆಲವು ಕೆಳಮುಖ. ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಸಿಕ್ಕಾಗುತ್ತವೆ. ಅದನ್ನು ತಪ್ಪಿಸಲು ಕೆಲವು ಕಡೆ ಆಸಿಡ್ಡಿನಲ್ಲಿ ಪದರ ಸವೆಸಿ ಮೇಲೆ ಸಿಲಿಕೋನ್ ಹೊಳಪು ಕೊಡುತ್ತಾರೆ. ಅಂಗಡಿಯಲ್ಲಿ ಮಿರಮಿರ ಮಿಂಚುತ್ತದೆ, ನಾಲ್ಕು ಸಲ ತೊಳೆದ ಮೇಲೆ ತೆಂಗಿನ ನಾರು. ಒಂದು ಎಳೆಯನ್ನು ಬುಡದಿಂದ ತುದಿಗೂ ತುದಿಯಿಂದ ಬುಡಕ್ಕೂ ಬೆರಳಲ್ಲಿ ಉಜ್ಜಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಸಣ್ಣ ತಡೆ ಸಿಕ್ಕಿದರೆ ಪದರ ಉಳಿದಿದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ: ನಿಮಗೆ ದುಬಾರಿ ಚೌರಿ ಬೇಡವೇ ಬೇಡ. ನೃತ್ಯದ ಜಡೆ ಮೇಲಿನಿಂದ ಕೆಳಗಿನವರೆಗೆ ಹೂವಿನಲ್ಲೋ ಜಡೆಬಿಲ್ಲೆಯಲ್ಲೋ ಮುಚ್ಚಿಹೋಗುತ್ತದೆ, ಒಳಗಿರುವುದು ತಿರುಮಲದ್ದೋ ನೂಲಿನದ್ದೋ ಯಾರಿಗೂ ಕಾಣದು. ಅಡುಗೆಮನೆಯ ತಕ್ಕಡಿಯಲ್ಲಿ ಮೂರನ್ನೂ ತೂಗಿ ನೋಡಿ, ಹಗುರವಾದದ್ದನ್ನು ಇಟ್ಟುಕೊಳ್ಳಿ. ಕುಚ್ಚು, ಬಿಲ್ಲೆ, ಹೂವು ಎಲ್ಲ ಸೇರಿಸಿಯೂ ಒಮ್ಮೆ ತೂಗಿ. ಹತ್ತು ವರ್ಷದ ಮಗುವಿಗೆ ಒಟ್ಟು ಕಾಲು ಕಿಲೋ ದಾಟದಂತೆ ನೋಡಿಕೊಳ್ಳುವುದು ನನ್ನ ರೂಢಿ. ಹೂವಾಡಗಿತ್ತಿ ಮೊಗ್ಗಿನ ಜಡೆ ಬಾಡದಿರಲೆಂದು ನೀರು ಚಿಮುಕಿಸಿ ಕೊಟ್ಟಿರುತ್ತಾಳೆ. ಆ ನೀರೂ ತೂಕವೇ, ಕಟ್ಟುವ ಮುನ್ನ ಕೊಡವಿ.

ಹೊಸ ಚೌರಿಯನ್ನು ತಲೆಗೆ ತಾಗಿಸುವ ಮುನ್ನ ಶಾಂಪೂ ನೀರಿನಲ್ಲಿ ನೆನೆಸಿ, ಜಾಲಿಸಿ, ನೆರಳಲ್ಲಿ ಒಣಗಿಸಿ. ಬಣ್ಣ, ಲೇಪ, ಗೋದಾಮಿನ ಧೂಳು ಇಳಿದುಹೋಗುತ್ತದೆ. ನಿಮ್ಮ ಮಗಳ ವಾರದ ತುರಿಕೆಗೆ ಅದೂ ಕಾರಣವಾಗಿರಬಹುದು. ಕಾಲೇಜು ಹುಡುಗಿಯರು ಈಗ ವಾರಗಟ್ಟಲೆ ಬಿಟ್ಟುಕೊಳ್ಳುವ ಬಾಕ್ಸ್ ಬ್ರೇಡಿಗೆ, ಅಂದರೆ ತಲೆತುಂಬ ಹೆಣೆಯುವ ಸಣ್ಣ ಸಣ್ಣ ಜಡೆಗಳಿಗೆ, ಸಿಂಥೆಟಿಕ್ ಕೂದಲೇ ಬಳಕೆ. 2025ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಅಂಥ ಹತ್ತು ಬಗೆಯನ್ನು ಪರೀಕ್ಷಿಸಿದಾಗ ಹತ್ತರಲ್ಲೂ ಕ್ಯಾನ್ಸರಿಗೆ ಕಾರಣವಾಗಬಲ್ಲ ರಾಸಾಯನಿಕಗಳು, ಒಂಬತ್ತರಲ್ಲಿ ಸೀಸ ಸಿಕ್ಕಿತ್ತು. ಒಂದು ಸಂಜೆಯ ಜಡೆಗೂ ಅದಕ್ಕೂ ಅಜಗಜಾಂತರ. ಆದರೂ ಮೂಗಿಗೆ ಹೊಡೆಯುವ ವಾಸನೆ ಬರುವ ಸಿಂಥೆಟಿಕ್ ಚೌರಿಯನ್ನು ಮಕ್ಕಳಿಗೆ ನಾನು ಹಾಕುವುದಿಲ್ಲ.

ಚೌರಿ ಕಟ್ಟುವ ಜಾಗ ಮುಖ್ಯ. ಕತ್ತಿನ ಮೇಲ್ಗಡೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಅದಕ್ಕೇ ಚೌರಿ ನೇತುಹಾಕಿದರೆ ಇಡೀ ಭಾರ ಒಂದು ಸಣ್ಣ ಗೊಂಚಲು ಕೂದಲಿಗೆ ಬೀಳುತ್ತದೆ. ಬದಲಿಗೆ ಅವಳದೇ ಕೂದಲಿನಲ್ಲಿ ಎರಡು ಮೂರು ಹೆಣಿಗೆ ಹಾಕಿ, ಆಮೇಲೆ ಚೌರಿಯ ಎಳೆಗಳನ್ನು ಒಂದೊಂದಾಗಿ ಸೇರಿಸಿಕೊಂಡು ಇಳಿಯಿರಿ. ಮೊಗ್ಗಿನ ಜಡೆಯನ್ನೂ ಮೇಲೆ ಒಂದೇ ಕಡೆ ಸಿಕ್ಕಿಸದೆ ಕರಿದಾರದಲ್ಲಿ ನಾಲ್ಕು ಕಡೆ ಕಟ್ಟಿ. ಕೂದಲು ತೀರಾ ಗಿಡ್ಡವಿದ್ದ ಮಗುವಿಗೆ ಉದ್ದ ಜಡೆಯ ಆಸೆ ಬಿಡಿಸಿ, ಗುರುಗಳ ಹತ್ತಿರ ಮೊದಲೇ ಕೇಳಿ ಅರ್ಧ ಜಡೆಗೆ ಒಪ್ಪಿಸಿ. ಬಹಳ ಜನ ಗುರುಗಳು ಒಪ್ಪುತ್ತಾರೆ, ನಾವೇ ಕೇಳುವುದಿಲ್ಲ ಅಷ್ಟೇ.

ರಾಗಟೆ, ಸೂರ್ಯ–ಚಂದ್ರ, ಬೈತಲೆ ಬೊಟ್ಟುಗಳು ಹೆಚ್ಚಾಗಿ ಮಿಶ್ರಲೋಹ. ಅದರಲ್ಲಿ ನಿಕ್ಕಲ್ ಇದ್ದರೆ ಬೆವರಿಗೆ ಕೆಲವರ ಚರ್ಮ ಕೆಂಪಾಗಿ ತುರಿಸುತ್ತದೆ. ಕಿವಿಗೆ ಗಿಲೀಟಿನ ಓಲೆ ಹಾಕಿದರೆ ಆಗದ ಮಕ್ಕಳು ಯಾರೆಂದು ತಾಯಂದಿರನ್ನು ಕೇಳಿಟ್ಟುಕೊಳ್ಳಿ. ಅವರ ಆಭರಣದ ಹಿಂಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದು ಒಣಗಿಸಿದರೆ ಒಂದು ಸಂಜೆಗೆ ತಡೆಯುತ್ತದೆ.

ಬಿಲ್ಲಿನಲ್ಲಿ ಇಲ್ಲದೇ ಇರುವುದನ್ನು ನೋಡಿ ಆಶ್ಚರ್ಯವಾಯಿತು. ಅಗಲ ಹಲ್ಲಿನ ಬಾಚಣಿಗೆ ಇಲ್ಲ, ಬೈತಲೆ ತೆಗೆಯುವ ಬಾಲದ ಬಾಚಣಿಗೆ ಇಲ್ಲ, ಪಿನ್ ಇಲ್ಲ, ಕರಿದಾರ ಇಲ್ಲ. ಇವೇ ಅಲ್ಲವೇ ಜಡೆಯನ್ನು ಹಿಡಿದು ನಿಲ್ಲಿಸುವುದು! ಯು ಪಿನ್ ಮತ್ತು ಸ್ಲೈಡ್ ಎರಡೂ ತನ್ನಿ. ಸ್ಲೈಡಿನ ತುದಿಯ ಪ್ಲಾಸ್ಟಿಕ್ ಹನಿ ಉದುರಿದ್ದರೆ ಅವತ್ತೇ ಕಸಕ್ಕೆ ಹಾಕಿ, ಅದು ನೆತ್ತಿ ಗೀರುತ್ತದೆ. ಎರಡು ಸ್ಲೈಡನ್ನು ಒಂದರ ಮೇಲೊಂದು ಗುಣಾಕಾರ ಚಿಹ್ನೆಯಂತೆ ಸಿಕ್ಕಿಸಿದರೆ ಅರ್ಧ ಡಬ್ಬಿ ಸ್ಪ್ರೇಯ ಕೆಲಸ ಆಗುತ್ತದೆ. ರಬ್ಬರ್ ಬ್ಯಾಂಡ್ ಬಟ್ಟೆ ಸುತ್ತಿದ್ದೇ ಇರಲಿ. ಹಾಲಿನ ಪ್ಯಾಕೆಟ್ಟಿಗೆ ಹಾಕುವ ಬರೀ ರಬ್ಬರ್ ಕೂದಲನ್ನು ಕಚ್ಚಿ ಹಿಡಿಯುತ್ತದೆ.

ಆರು ಮಕ್ಕಳೆಂದರೆ ಆರು ಬಾಚಣಿಗೆ. ಇದರಲ್ಲಿ ಮುಲಾಜು ಬೇಡ. ಹೇನು ಮಾತ್ರವಲ್ಲ, ನೆತ್ತಿಯ ಹುಳುಕಡ್ಡಿಯೂ ಬಾಚಣಿಗೆಯ ಮೂಲಕ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಪ್ರತಿ ಮಗುವಿನ ಮನೆಯಿಂದಲೇ ಅವಳ ಬಾಚಣಿಗೆ, ಅವಳ ಚೌರಿ ತರಲು ಹೇಳಿ, ಹೆಸರು ಬರೆದ ಚೀಲದಲ್ಲಿ. ಹೇನು ತಲೆಯಿಂದ ಬಿದ್ದ ಮೇಲೆ ಒಂದೆರಡು ದಿನಕ್ಕಿಂತ ಹೆಚ್ಚು ಬದುಕದು, ಆದರೆ ರಿಹರ್ಸಲ್ಲಿಗೂ ಕಾರ್ಯಕ್ರಮಕ್ಕೂ ನಡುವೆ ಅಷ್ಟು ಬಿಡುವು ಸಿಗುವುದಿಲ್ಲ.

ಐದು ವಾರದಲ್ಲಿ ಕಲಿಯಬಹುದೇ? ಖಂಡಿತ. ಮೊದಲ ಎರಡು ವಾರ ಮಗಳನ್ನು ಮುಟ್ಟಬೇಡಿ. ಚೌರಿಯನ್ನು ಕಿಟಕಿಯ ಕಂಬಿಗೆ ಕಟ್ಟಿ ಮೂರೆಳೆ ಹೆಣೆಯಿರಿ, ಬಿಚ್ಚಿ, ಮತ್ತೆ ಹೆಣೆಯಿರಿ. ಕೈ ಎಳೆಯುವುದನ್ನು ಬಿಟ್ಟು ಮಡಿಸುವುದನ್ನು ಕಲಿಯುತ್ತದೆ. ಜೆಲ್ಲನ್ನು ಈಗಲೇ ಮಗಳ ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ನೋಡಿ, ಕೆಂಪಾಗದಿದ್ದರೆ ಸರಿ. ಮೂರನೇ ವಾರದಿಂದ ಅವಳ ಕೂದಲಿನಲ್ಲಿ ಅಭ್ಯಾಸ. ಹೆಣೆದ ಮೇಲೆ ಹುಬ್ಬು ಏರಿಸಲು, ಕತ್ತು ಬಗ್ಗಿಸಲು ಹೇಳಿ. ನೋವು ಅಂದರೆ ಬಿಚ್ಚಿ. "ಸ್ವಲ್ಪ ಹೊತ್ತಿಗೆ ಅಭ್ಯಾಸವಾಗುತ್ತೆ" ಎಂದು ನಾವೆಲ್ಲ ಮಕ್ಕಳಿಗೆ ಹೇಳಿದ ಸುಳ್ಳು ಅದು, ನಾನೂ ಹೇಳಿದ್ದೇನೆ. ಈಗಲೂ ಹಣೆಯಂಚಿನಲ್ಲಿ ಗುಳ್ಳೆಯೋ ಕೂದಲು ತೆಳುವಾದ ಜಾಗವೋ ಕಂಡರೆ ಜಡೆ ಮುಟ್ಟುವ ಮುನ್ನ ಚರ್ಮದ ವೈದ್ಯರಿಗೆ ತೋರಿಸಿ. ಪೌಡರ್ ಹಚ್ಚಿ ಮುಚ್ಚಬೇಡಿ.

ಹಾಗಾಗಿ ನಿಮ್ಮ ಚೀಲದಲ್ಲಿ ಉಳಿಯುವುದು ಹಗುರ ಚೌರಿ ಒಂದು, ಜೆಲ್, ಬೇಕಿದ್ದರೆ ಸೀರಮ್. ಉಳಿದ ಎರಡು ಚೌರಿ, ವ್ಯಾಕ್ಸ್, ಸ್ಪ್ರೇ, ಗಮ್ಮುಗಳ ಸೀಲ್ ಒಡೆಯದೆ ವಾಪಸ್ ಒಯ್ಯಿರಿ. ಹಣ ಹಿಂದಿರುಗಿಸದಿದ್ದರೆ ಅದಕ್ಕೆ ಬದಲಾಗಿ ಬಾಚಣಿಗೆ, ಪಿನ್, ಕರಿದಾರ ಕೇಳಿ.

ಕೊನೆಯದಾಗಿ, ಉಳಿದ ಐದು ಮಕ್ಕಳ ಜಡೆಯನ್ನು ರಾತ್ರಿ ಬಿಚ್ಚುವವರು ನೀವಲ್ಲ, ಅವರ ತಾಯಂದಿರು. ನಾನು ಮದುಮಗಳ ಅತ್ತಿಗೆಯ ಕೈಗೆ ಕೊಟ್ಟು ಬರುವ ಚೀಟಿಯನ್ನು ನಿಮಗೂ ಕೊಡುತ್ತೇನೆ, ಐದು ಪ್ರತಿ ಬರೆದಿಟ್ಟುಕೊಳ್ಳಿ: "ಇವತ್ತೇ ಬಿಚ್ಚಿ, ಅರೆನಿದ್ದೆಯಲ್ಲಿದ್ದರೂ ಸರಿ. ಮೊದಲು ಹೂವು, ಆಮೇಲೆ ಕುಚ್ಚು, ಆಮೇಲೆ ಪಿನ್ನು. ಒಟ್ಟು ಇಪ್ಪತ್ತಾರು ಪಿನ್ ಇವೆ, ಎಣಿಸಿ. ಕತ್ತರಿ ಕರಿದಾರಕ್ಕೆ ಮಾತ್ರ. ಮುಂದಲೆಗೆ ನೀರು ಚಿಮುಕಿಸಿ ಐದು ನಿಮಿಷ ಬಿಡಿ. ಸಿಕ್ಕನ್ನು ತುದಿಯಿಂದ ಮೇಲಕ್ಕೆ, ಬೆರಳಲ್ಲಿ ಬಿಡಿಸಿ. ಬಾಚಣಿಗೆ ನಾಳೆ."